ಭರಮಣ್ಣನ ಹೇಳಿಕೆ

"ತಪ್ಪಾತು ಸಾಹೇಬ್ರೇ, ಹೊಟ್ಟೆಗೆ ಹಾಕ್ಕಳ್ರಿ," ಎಂದು ಜಾಬರ್ ಭರಮಣ್ಣ ಕೈಮುಗಿದ. ಪಕ್ಕದ ಮೇಜಿನಲ್ಲಿ ಅವನ ಹೇಳಿಕೆ ಬರೆದುಕೊಳ್ಳುತ್ತಿದ್ದ ಗುಮಾಸ್ತ ಹಾಲೇಶಪ್ಪನ ಪೆನ್ನು ಅಲ್ಲೇ ನಿಂತಿತು.

"ಏನಂತೆ?" ಮ್ಯಾನೇಜರು ಇಂಗ್ಲಿಷಿನಲ್ಲಿ ಕೇಳಿದರು. ಕೊಯಮತ್ತೂರಿನಿಂದ ಬಂದು ತಿಂಗಳೂ ಆಗದ ಅವರಿಗೆ ಕನ್ನಡದ ಗಂಧಗಾಳಿ ಇರಲಿಲ್ಲ.

ದಾವಣಗೆರೆಯ ಆ ಹತ್ತಿ ಮಿಲ್ಲಿನಲ್ಲಿ ಎರಡು ದಿನದ ಹಿಂದೆ ಯಂತ್ರದ ಬೆಲ್ಟು ಹರಿದು, ಅಲ್ಲಿ ಕೆಲಸಕ್ಕಿದ್ದ ತಿಮ್ಮವ್ವನ ಮುಂಗೈ ಮುರಿದಿತ್ತು. ಜಾಬರೆಂದರೆ ಮೇಸ್ತ್ರಿ; ಆ ಯಂತ್ರ ಭರಮಣ್ಣನ ಉಸ್ತುವಾರಿಯದು. ಏನೇ ಕೆಡಲಿ, ಜಾಬರಾದವನು ಮೊದಲು ಕೈಮುಗಿಯಬೇಕು. ಮ್ಯಾನೇಜರಾದವರು ನಾಲ್ಕು ಬೈದು "ಹೋಗು, ಕೆಲಸ ನೋಡು" ಎನ್ನಬೇಕು. ಇದು ಅಲ್ಲಿನ ಹಳೆಯ ರೂಢಿ. ಕೈಮುಗಿದವನೇ ಕೆಡಿಸಿದವನೆಂದು ಯಾರೂ ತಿಳಿಯುತ್ತಿರಲಿಲ್ಲ. ಈ ೧೯೫೮ರಲ್ಲಿ ಬಂದ ಹೊಸ ಮ್ಯಾನೇಜರಿಗೋ, ಎಲ್ಲವೂ ಕಾಗದದ ಮೇಲೆ, ಇಂಗ್ಲಿಷಿನಲ್ಲೇ ಬೇಕು.

ಇಂಗ್ಲಿಷೇ ಹಾಲೇಶಪ್ಪನ ಜಂಬ. ಹರಿಹರದಿಂದ ದಿನಾ ರೈಲಿನಲ್ಲಿ ಬಂದುಹೋಗುವ ಈ ಮಹಾಶಯ ಸಂಜೆ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಮನೆಪಾಠ ಹೇಳುತ್ತಿದ್ದ. 'ರಿಗ್ರೆಟ್' ಎಂದರೆ ಆದದ್ದಕ್ಕೆ ನೊಂದುಕೊಳ್ಳುವುದು, 'ಅಡ್ಮಿಟ್' ಎಂದರೆ ಮಾಡಿದವನು ನಾನೇ ಎಂದು ಒಪ್ಪಿಕೊಳ್ಳುವುದು. ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದವರ ಬೆರಳಗಂಟಿಗೆ ಅಡಿಪಟ್ಟಿ ಬೀಳುತ್ತಿತ್ತು. ಭರಮಣ್ಣ ಹೇಳಿದ್ದು ಯಾವುದೆಂದು ಇಡೀ ಮಿಲ್ಲಿನಲ್ಲಿ ಹಾಲೇಶಪ್ಪನಷ್ಟು ಚೆನ್ನಾಗಿ ತಿಳಿದವರು ಇನ್ನೊಬ್ಬರಿರಲಿಲ್ಲ.

ತಿಳಿಯದಿದ್ದರೇ ಎಷ್ಟೋ ಚೆನ್ನಾಗಿತ್ತು. ಬೆಲ್ಟು ಸವೆದಿದೆ ಎಂದು ಭರಮಣ್ಣ ಅವಘಡಕ್ಕೆ ಮೊದಲೇ, ಸೋಮವಾರ, ಅವನ ಬಳಿ ಬಂದು ಹೇಳಿದ್ದ. ಅದನ್ನು ಸರಿಪಡಿಸುವ ಫಿಟರನಿಗೆ ಕಳಿಸಲು ಹಾಲೇಶಪ್ಪ ಅವನೆದುರಿಗೇ ಚೀಟಿಯನ್ನೂ ಬರೆದಿದ್ದ. ಬರೆದವನು ಕಳಿಸಲಿಲ್ಲ. ಕಚೇರಿಯಲ್ಲಿ ಕೂತು ಕದ್ದು ತಿದ್ದುತ್ತಿದ್ದ ಮನೆಪಾಠದ ಉತ್ತರಪತ್ರಿಕೆಗಳ ನಡುವೆ ಅದು ಸೇರಿಹೋಗಿ, ಈಗಲೂ ಅವನ ಡ್ರಾಯರಿನಲ್ಲೇ ಬಿದ್ದಿತ್ತು. 'ರಿಗ್ರೆಟ್' ಎಂದು ಬರೆದರೆ, ಹಾಗಾದರೆ ಮಾಡಿದವರು ಯಾರು ಎಂಬ ಪ್ರಶ್ನೆ ಬಂದೇ ಬರುತ್ತದೆ. ಅವನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ನಾಚಿಕೆ ಆಯಿತು ನಿಜ, ಆದರೆ ಭಯ ಅದಕ್ಕಿಂತ ದೊಡ್ಡದಾಗಿತ್ತು.

"ಬೆಲ್ಟು ಸವೆದದ್ದನ್ನು ಯಾರಿಗಾದರೂ ತಿಳಿಸಿದ್ದನೇ? ಕೇಳು," ಎಂದು ಮ್ಯಾನೇಜರು ಮೊದಲ ಪ್ರಶ್ನೆಯ ಉತ್ತರಕ್ಕೆ ಕಾಯದೆ ಮುಂದುವರಿಸಿದರು.

ಹಾಲೇಶಪ್ಪ ಭರಮಣ್ಣನ ಕಡೆ ತಿರುಗಿದ. "ಭರಮಣ್ಣ, ಬೆಲ್ಟಿನ ವಿಷಯ ಮೊದ್ಲೇ ಯಾರಿಗಾರ ಹೇಳಿದ್ದೇನಪ್ಪ ಅಂತ ಕೇಳ್ತಾರೆ."

ಭರಮಣ್ಣ ಅವನ ಮುಖವನ್ನೇ ಒಂದು ಗಳಿಗೆ ನೋಡಿದ. "ತಪ್ಪಾತು ಅಂದೆನಲ್ರಿ ಗುಮಾಸ್ತ್ರೇ. ಅಷ್ಟೇ ಬರೀರಿ."

ಹಾಲೇಶಪ್ಪ ಬರೆದ. ಯಾರಿಗೂ ಹೇಳಿರಲಿಲ್ಲವೆಂದೂ ಸೇರಿಸಿ, ದುಂಡಗಿನ ಅಕ್ಷರಗಳಲ್ಲಿ 'ಅಡ್ಮಿಟ್ಸ್' ಎಂದೇ ಬರೆದ. ಏನು ಬರೆದಿರಿ ಎಂದು ಭರಮಣ್ಣ ಕೇಳಲೂ ಇಲ್ಲ. ತೋರಿಸಿದಲ್ಲಿ ಹೆಬ್ಬೆಟ್ಟು ಒತ್ತಿದ. ಮ್ಯಾನೇಜರು ಹಾಳೆಯನ್ನು ಎರಡು ಸಲ ಓದಿ, ಸಹಿ ಹಾಕಿ, ಹೇಳಬೇಕಾದ್ದನ್ನು ಒಂದೇ ಮಾತಿನಲ್ಲಿ ಹೇಳಿ ಎದ್ದು ಒಳಗೆ ಹೋದರು. ಅದನ್ನು ಕನ್ನಡದಲ್ಲಿ ಹೇಳುವ ಕೆಲಸವೂ ಹಾಲೇಶಪ್ಪನದೇ.

"ನಾಳೆಯಿಂದ ಬರೋದು ಬ್ಯಾಡಂತೆ."

"ಕೆಲಸಾನೇ ತೆಗೆದ್ರಾ?" ಎಂದ ಭರಮಣ್ಣ. "ಎರಡು ದಿನದ ಪಗಾರ ಹಿಡೀತಾರೆ, ತಡ್ಕಂಡ್ರಾತು ಅಂದ್ಕಂಡಿದ್ದೆ..."

ತನ್ನೂರು ಶಾಮನೂರಿನವರೆಗೆ ನಡೆದು ಹೋಗಿ ಹೆಂಡತಿಗೆ ಏನು ಹೇಳಬೇಕೋ ಎಂದು ಲೆಕ್ಕ ಹಾಕುತ್ತಿರುವವನಂತೆ ಭರಮಣ್ಣ ಬಾಗಿಲವರೆಗೆ ಹೋಗಿ ಮರಳಿದ. ಆಮೇಲೆ ಒಳಕೋಣೆಯತ್ತ ಒಮ್ಮೆ ನೋಡಿ, ಮೇಜಿನ ಮೇಲೆ ಬಗ್ಗಿ ಪಿಸುಗುಟ್ಟಿದ:

"ಆ ಚೀಟಿ ಇನ್ನೂ ಇಟ್ಕಂಡಿದ್ರೆ ಹರಿದು ಹಾಕ್ರಿ ಸ್ವಾಮಿ. ನಂದಂತೂ ಹೋತು. ನಿಮ್ದಾದ್ರೂ ಉಳೀಲಿ."