ಹನ್ನೊಂದನೇ ನಿಮಿಷದ ಕೈ

ಆ ಮನುಷ್ಯ ಇವತ್ತೂ ಬಂದ. ಚಪ್ಪಲಿ ಬಾಗಿಲಲ್ಲೇ ಬಿಟ್ಟು ಮುಂದಿನ ಕುರ್ಚಿಯಲ್ಲಿ ಕೂತ.

ಅಕ್ಷಿತಾಗೆ ಸಾಕುಸಾಕಾಗಿತ್ತು. ಪಾಂಡವಪುರದ ಈ ಹಾಳುಬಿದ್ದ ಆಲೆಮನೆಯಲ್ಲಿ ಪರದೆ ಕಟ್ಟಿ ತಾನೇ ತೆಗೆದ ಸಿನಿಮಾ ತೋರಿಸುತ್ತ ಒಂಬತ್ತು ದಿನ. ಕತೆಯಿಲ್ಲ, ಮಾತಿಲ್ಲ, ಹಾಡಿಲ್ಲ. ಬೆಳಗೊಳದ ಕಾಲುವೆ ಹರಿಯುತ್ತದೆ. ಹನ್ನೊಂದನೇ ನಿಮಿಷಕ್ಕೆ, ದಪ್ಪ ಕಡಗ ತೊಟ್ಟ ಕೈಯೊಂದು ನೆರಳಿನ ಹಾಗೆ ಬಂದು ತೂಬಿನ ಹಲಗೆ ಇಳಿಸುತ್ತದೆ. ನೀರು ನಿಂತು ಕನ್ನಡಿಯಾಗುತ್ತದೆ. ಅಷ್ಟೇ ಸಿನಿಮಾ. ಇಂಥದ್ದನ್ನು ಯಾರು ನೋಡುತ್ತಾರೆ ಹೇಳಿ? ಬಂದವರು ಆಕಳಿಸಿ ಎದ್ದು ಹೋದರು. ಆ ಒಂದು ದೃಶ್ಯಕ್ಕಾಗಿ ಹೋದ ವರ್ಷ ಮೂರು ದಿನ ಬೆಳಕಿಗೆ ಕಾದು, ಸಿಕ್ಕಿದ್ದೇ ತಡ, ಕ್ಯಾಮೆರಾ ಚೀಲಕ್ಕೆ ತುರುಕಿ ಕಡೇ ಬಸ್ಸಿಗೆ ಓಡಿದ್ದಳು. ಯಾವ ಸುಖಕ್ಕೆ?

ಇವತ್ತು ಮುಗಿಯಿತು. ನಾಳೆಯಿಂದ ಸಿನಿಮಾಕ್ಕೆ ಕೈಮುಗಿದು ನಾಗಮಂಗಲದ ಶಾಲೆಯೊಂದರಲ್ಲಿ ಕಂಪ್ಯೂಟರ್ ಟೀಚರ್.

ಆದರೆ ಈ ಚಿಕ್ಕಮಾದಯ್ಯ! ಬೆಳಗೊಳದ ರೈತ. ಊರಲ್ಲಿ ಅಂಟಿಸಿದ್ದ ಪೋಸ್ಟರ್ ನೋಡಿ ಬಂದವನು ಆರು ದಿನದಿಂದ ತಪ್ಪಿಸಿಲ್ಲ. ಕೈ ಬಂದಾಗ ಕುರ್ಚಿಯ ತುದಿಗೆ ಜರುಗುತ್ತಾನೆ. ಒಬ್ಬನಿಗಾದರೂ ಮುಟ್ಟಿತಲ್ಲ ಎಂದು ಅವಳ ಹಾಳು ಮನಸ್ಸು ಮತ್ತೆ ಆಸೆಪಡುತ್ತಿತ್ತು.

ನಿನ್ನೆ ಕೇಳಿದ್ದ, "ಅದು ಯಾರ್ ಕೈಯವ್ವ?"

"ಯಾರ್ದಾದ್ರೂ ಆಗ್ಬೋದು ಯಜಮಾನ್ರೇ. ನೋಡ್ದೋರೇ ತಿಳ್ಕೋಬೇಕು."

"ಅದೇ ಕಣವ್ವ ಕಷ್ಟ ಆಗಿರೋದು."

ಎಂಥ ಮಾತು! ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ನೆನೆದು ಹಿಗ್ಗಿದ್ದಳು.

ಇವತ್ತು ಅವನ ಹಿಂದೆ ಬಿಳಿ ಮೀಸೆಯ ಇನ್ನೊಬ್ಬ ಬಂದ. "ನಮ್ಮಣ್ಣ" ಎಂದ ಚಿಕ್ಕಮಾದಯ್ಯ, ಅವನ ಮುಖ ನೋಡದೆ. ಅಣ್ಣನೂ ಕೈಯ ದಪ್ಪ ಕಡಗ ತಿರುಗಿಸುತ್ತ, ಮೂರು ಕುರ್ಚಿ ಬಿಟ್ಟು ಕೂತ. ಅಕ್ಷಿತಾಗೆ ಅದೆಲ್ಲ ಎಲ್ಲಿ ಕಾಣಬೇಕು? ಇಬ್ಬರು ಪ್ರೇಕ್ಷಕರು! ಶಾಲೆಗೆ ಬರುವುದಿಲ್ಲವೆಂದು ಫೋನ್ ಮಾಡಿಬಿಡಲೇ ಎನಿಸಿತು. ಸೆಕೆಗೆ ತುಂಬುತೋಳು ಮಡಚಿಕೊಂಡು ಪ್ರೊಜೆಕ್ಟರ್ ಹಾಕಿದಳು.

ಹನ್ನೊಂದನೇ ನಿಮಿಷಕ್ಕೆ ಸರಿಯಾಗಿ ಪರದೆಯ ಮೂಲೆ ಕಳಚಿತು. ಓಡಿಹೋಗಿ ಎತ್ತಿ ಹಿಡಿದಳು. ಪರದೆಯ ಮೇಲೆ ಕಡಗದ ಕೈ ತೂಬು ಇಳಿಸುತ್ತಿತ್ತು. ಪಕ್ಕದಲ್ಲೇ ಅವಳ ಕೈ, ಅದೇ ಕಡಗ.

ಚಿಕ್ಕಮಾದಯ್ಯ ಎದ್ದು ನಿಂತ. ಕಣ್ಣು ತುಂಬಿತ್ತು. ಚಪ್ಪಾಳೆ ತಟ್ಟುತ್ತಾನೆಂದು ಅವಳು ಕಾದಳು.

"ಮತ್ತೆ ಎತ್ಲೇ ಇಲ್ವಲ್ಲವ್ವ ನೀನು ಆ ತೂಬ" ಎಂದ ಮೆಲ್ಲಗೆ. ಮೂರು ಕುರ್ಚಿ ದಾಟಿ ಹೋಗಿ ಅಣ್ಣನ ಕೈ ಹಿಡಿದುಕೊಂಡ.

"ನಾಟಿ ಗದ್ದೆ ಒಣಗ್ಸಿದ್ದು ನೀನಲ್ಲ ಕಣಣ್ಣ, ಒಂದ್ ವರ್ಸ ನಿನ್ನ ಸುಮ್ಸುಮ್ಕೆ ಮಾತು ಬುಟ್ಬುಟ್ಟಿದ್ದೆ."