ಗುರುವಾರದ ಭಜನೆ

ಸ್ತನ ಕ್ಯಾನ್ಸರ್ ಬೆನ್ನುಮೂಳೆಗೂ ಹರಡಿದೆ ಎಂಬ ವರದಿಯನ್ನು ವಾರಿಜಳ ಗಂಡ ಉಪ್ಪಿನಕಾಯಿ ಜಾಡಿಗಳ ಹಿಂದೆ ಬಚ್ಚಿಟ್ಟು, "ನಿಂಗೆ ಬರೀ ಬೆನ್ನುನೋವು ಕಣೇ" ಅಂದಿದ್ದರು. ಅಡುಗೆಮನೆ ಯಾರದೆಂಬುದು ಪಾಪ ಅವರಿಗೆ ಹೊಳೆದಿರಲಿಲ್ಲ. ವಾರಿಜ ಅದನ್ನು ಓದಿ, ಇದ್ದಲ್ಲೇ ಇಟ್ಟು, ಏನೂ ತಿಳಿಯದವಳಂತೆ ಇದ್ದುಬಿಟ್ಟಳು. ತನಗೆ ಗೊತ್ತೆಂದರೆ ಅವರು ಕುಸಿದುಹೋದಾರೆಂಬ ಭಯ.

ಗುರುವಾರ ಮಾತ್ರ ಭಜನೆಗೆಂದು ಹೇಳಿ ಹೊರಟು, ಆಸ್ಪತ್ರೆಯಲ್ಲಿ ಕ್ಯಾನ್ಸರ್ ರೋಗಿಗಳ ಮನೆಯವರಿಗೆ ಧೈರ್ಯ ಹೇಳಲು ಕೂರುತ್ತಿದ್ದಳು.

"ನಮ್ಮಮ್ಮಂಗೆ ಏನೂ ಗೊತ್ತಿಲ್ಲ ಆಂಟಿ," ಎಂದಳು ಒಬ್ಬ ಹುಡುಗಿ.

"ಗೊತ್ತಿರತ್ತೆ ಕಣಮ್ಮ. ನಮ್ಮನೆಯವ್ರು ಇಪ್ಪತ್ತು ವರ್ಷ ಕುಡಿದ ಲೋಟ ಎತ್ತಿಟ್ಟೋರಲ್ಲ. ಈಗ ಬೆಳಗಾಗೆದ್ದು ಕಾಫಿ ಮಾಡಿಕೊಡ್ತಾರೆ. ಅನುಮಾನ ಬರಲ್ವಾ?"

ಹುಡುಗಿ ಕಣ್ಣೊರೆಸಿಕೊಂಡು ನಕ್ಕಳು. "ನಮ್ಮಪ್ಪನೂ ದೋಸೆ ಹುಯ್ಯೋಕೆ ಶುರುಮಾಡಿದಾರೆ!"

"ನೋಡು ಮತ್ತೆ! ಇವತ್ತೇ ಹೇಳಿಬಿಡು. ಇಬ್ರೂ ಹಗುರಾಗ್ತೀರಿ."

"ನೀವು ಅಂಕಲ್‌ಗೆ ಹೇಳಿದ್ರಾ, ನಿಮಗೆ ಗೊತ್ತೂಂತ?"

ವಾರಿಜ ಮಾಸ್ಕನ್ನು ಮೇಲೆಳೆದುಕೊಂಡು ರಿಜಿಸ್ಟರಿಗೆ ತಲೆ ಬಗ್ಗಿಸಿದಳು.

"ಮುಂದಿನವರು ಬನ್ನಿ."

"ಮನೆಯವಳಿಗೆ ಇದನ್ನ ಹೇಗೆ ಹೇಳೋದು ಮೇಡಂ?" ಎಂಬ ಮಾತಿನ ಜೊತೆ ಮೇಜಿನ ಮೇಲೆ ಬಂದು ಕೂತ ವರದಿಗೆ ಉಪ್ಪಿನಕಾಯಿಯ ಎಣ್ಣೆ ಮೆತ್ತಿತ್ತು.