ಅಂಗಳದ ಮೊದಲ ನಿಯಮ

'ಸರ್ವರ್ ಮುಚ್ಚಿ' ಎಂಬ ಗುಂಡಿಯ ಮೇಲೆ ಉಜ್ವಲಾಳ ಬೆರಳು ನಿಂತಿತ್ತು. ಸೊಲ್ಲಾಪುರದ ಕನ್ನಡ ಮಂದಿ ಕೂಡಿ ಹರಟಲೆಂದು, ಯಾವ ದೊಡ್ಡ ಕಂಪನಿಯ ಹಂಗೂ ಇಲ್ಲದೆ, ಅವಳೇ ನಡೆಸುತ್ತಿದ್ದ ಪುಟ್ಟ ಜಾಲತಾಣ 'ಅಂಗಳ'. ಸದಸ್ಯರು ಹನ್ನೊಂದು ಜನ. ಎರಡು ತಿಂಗಳಿಂದ ಅಲ್ಲಿ ಬರೆಯುತ್ತಿದ್ದವಳು ಅವಳೊಬ್ಬಳೇ. ಮುಚ್ಚುವಾಗ ಅಳು ಬರಬಹುದೆಂದುಕೊಂಡಿದ್ದಳು, ಏನೂ ಬರಲಿಲ್ಲ.

ಬೋರಾಮಣಿ ಹಳ್ಳಿಯಿಂದ ಬಂದು ಪಕ್ಕದಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದ ಚಿಕ್ಕಮ್ಮ ದ್ರೌಪದಿ ಕಾಕು ಅವಳ ಫೋನಿನೊಳಗೆ ಇಣುಕಿದಳು; 'ಅಂಗಳ'ದ ಗುರುತಾದ ರಂಗೋಲಿ ಕಂಡಿತು. "ಈ ರಂಗೋಲಿ ಚಿತ್ರ ನಾ ಬಲ್ಲೆ. ಮೂರು ಸಲ ಅರ್ಜಿ ಹಾಕೀನಿ, ಒಳಗ ಬಿಟ್ಟಿಲ್ಲ. ಯಾರೋ ಭಾಳ ಶಾಣ್ಯಾರು ಬಾಗಲದಾಗ ಕುಂತಾರ ನೋಡು."

"ಏನಂತ ಬರದಿದ್ರಿ, ಕಾಕು?"

"ಮನ್ಯಾಗ ನನ್ನ ಜೋಡಿ ಕನ್ನಡ ಮಾತಾಡೋರು ಯಾರೂ ಉಳದಿಲ್ಲ ಅಂತ. ಮರಾಠಿ ಸಾಲಿ ಕಲತಾಕಿ ನಾ, ಬರೆಯೋದು ಮರಾಠಿ ಅಕ್ಷರದಾಗ. ಮಾತು ಕನ್ನಡಾನ ಅಲ್ಲೇನವ್ವಾ?"

ಉಜ್ವಲಾ ತಿರಸ್ಕರಿಸಿದ ಅರ್ಜಿಗಳನ್ನು ತೆರೆದಳು. ಮೂರೂ ಅಲ್ಲಿದ್ದವು, ಅವುಗಳ ಜೊತೆ ಇನ್ನೂ ಎಪ್ಪತ್ತು. ಮರಾಠಿ ಅಕ್ಷರ ಕಂಡೊಡನೆ, ಹೆಸರನ್ನೂ ಓದದೆ, ಅವಳೇ ತಳ್ಳಿಹಾಕಿದ್ದಳು. ನಿಯಮಗಳ ಪುಟಕ್ಕೆ ಹೋದಳು. 'ಕನ್ನಡ ಲಿಪಿಯಲ್ಲೇ ಬರೆಯಬೇಕು' ಎಂಬುದು ಮೊದಲ ಸಾಲು. ಮರಾಠಿ ಶಾಲೆಯಲ್ಲೇ ಓದಿದ್ದ ಅವಳು ಪದವಿ ಮುಗಿದ ಮೇಲೆ ಕಷ್ಟಪಟ್ಟು ಕಲಿತ ಲಿಪಿ ಅದು. ಆ ಸಾಲನ್ನು ಒಂದೊಂದೇ ಅಕ್ಷರವಾಗಿ ಅಳಿಸಿದಳು. ಎದೆಯಲ್ಲಿ ಈಗಲೂ ಏನೂ ಅಲುಗಲಿಲ್ಲ.

"ಬಾಗಲದಾಗ ಕುಂತಾಕಿ ನಾನ ರೀ, ಕಾಕು."

ಶೇಂಗಾ ಸುಲಿಯುವ ಕೈ ನಿಂತಿತು. ಕಾಕು ಮಡಿಲಿನ ಸಿಪ್ಪೆ ಕೊಡವಿದಳು.

"ಹಂಗಾರ ಏಳು, ಹಾದಿ ಬಿಡು."